ಹದಿನೈದನೆಯ ದಿನದ ನಂತರ ಬರುವವರು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ನಿಧನ ವಾರ್ತೆಗಳ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ಮೃತರಿಗೆ ಪತ್ನಿ, ಮಕ್ಕಳು ಇದ್ದಾರೆ.’ ನಲವತ್ತೈದು, ಐವತ್ತು ವರ್ಷ ಸಂಸಾರ ಮಾಡಿ ಆ ಸಾಲಿನಲ್ಲಿ ‘ಇದ್ದಾರೆ’ ಎಂದು ಉಳಿದುಹೋದವರ ಬಗ್ಗೆ ಈ ಪತ್ರ. ಸಾವಾದ ಮನೆಗಳಿಗೆ ನಮ್ಮ ಚರ್ಚಿನ ಸಭೆಯ ಪರವಾಗಿ ಹೋಗಿಬರುವ ಸೇವೆಯಲ್ಲಿರುವವರು ನಾವು. ನಮ್ಮ ತಕರಾರು ನಮ್ಮವರ ಮೇಲೆಯೇ. ಕ್ರೈಸ್ತರಾದ ನಾವು ಸಾವಿನ ಮನೆಗೆ ಓಡಿಹೋಗುವುದೂ ಬೇಗ, ಅಲ್ಲಿಂದ ಕಾಲ್ತೆಗೆಯುವುದೂ ಬೇಗ. ಮೊದಲ ಎರಡು ವಾರ ಬಂದವರಿಗೆ ಕುರ್ಚಿ ಸಾಲುವುದಿಲ್ಲ. ಆರನೆಯ ವಾರಕ್ಕೆ ಕರೆಗಂಟೆ ಒತ್ತುವವರು ಮೀಟರ್ ನೋಡಲು ಬರುವವರಷ್ಟೇ. ನಿಜವಾದ ಕಷ್ಟ ಶುರುವಾಗುವುದು ಆಗ.

ಹೋದಾಗ ಆಡುವ ಮಾತೂ ಎಷ್ಟೋ ಸಲ ಎಡವಟ್ಟು. ‘ಅಳಬೇಡಿ, ಅವರು ಕರ್ತನ ಬಳಿ ಇದ್ದಾರೆ’ ಎನ್ನುತ್ತೇವೆ. ಇದಕ್ಕೆ ಆಧಾರ ಕೇಳಿದರೆ ಬೈಬಲಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆ, ನಾಲ್ಕನೆಯ ಅಧ್ಯಾಯ, 13ನೆಯ ವಚನ ತೋರಿಸುತ್ತೇವೆ. ಆ ವಚನ ‘ದುಃಖಿಸಬೇಡಿ’ ಎಂಬಲ್ಲಿಗೆ ನಿಂತಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬೇಡಿ ಎಂದಿದೆ. ಅರ್ಧ ವಚನ ಹೇಳಿದರೆ ಸಾಂತ್ವನ ಹೋಗಿ ಗದರಿಕೆಯಾಗುತ್ತದೆ. ಕೇಳಿಸಿಕೊಂಡವರು ಅಂದಿನಿಂದ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯ ನೋಡಿ: ಸತ್ತ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿಗೆ ಬದುಕಿಸಿ ಎಬ್ಬಿಸುತ್ತೇನೆಂದು ಯೇಸುವಿಗೆ ಗೊತ್ತಿತ್ತು, ಆದರೂ ಅತ್ತ. ಹೆಂಡತಿ ಸತ್ತಾಗ ಅಳಬೇಡವೆಂದು ದೇವರಿಂದಲೇ ಅಪ್ಪಣೆ ಬಂದದ್ದು ಪ್ರವಾದಿ ಯೆಹೆಜ್ಕೇಲನಿಗೆ. ಅದು ಜನರಿಗೆ ಒಂದು ಗುರುತಾಗಲೆಂದು ಕೊಟ್ಟ ಅಪ್ಪಣೆ, ಎಲ್ಲರಿಗೂ ಹಾಕಿದ ಕಟ್ಟಳೆಯಲ್ಲ. ಅಳುವುದು ವಾಡಿಕೆಯಾಗಿದ್ದರಿಂದಲೇ ಅವನು ಅಳದಿದ್ದದ್ದು ಜನರ ಕಣ್ಣಿಗೆ ಬಿದ್ದಿತು.

ಇನ್ನೊಂದು ಮಾತಿದೆ: ‘ಇಷ್ಟು ವರ್ಷ ಜೊತೆಗಿಟ್ಟನಲ್ಲ, ಅದೇ ದೊಡ್ಡ ಕೃಪೆ.’ ಮಾತು ನಿಜವೇ. ಅದನ್ನು ಹೇಳುವ ಹಕ್ಕು ಮಾತ್ರ ಕಳೆದುಕೊಂಡವರದು. ನಾವು ಹೇಳಿದರೆ, ಕೋಟಾ ಮುಗಿಯಿತು, ಇನ್ನು ಗೊಣಗಬೇಡಿ ಎಂದ ಹಾಗೆ ಕೇಳಿಸುತ್ತದೆ. ವರ್ಷ ಹೆಚ್ಚಾದಷ್ಟೂ ಅಗಲಿಕೆ ಹಗುರವಾಗುತ್ತದೆ ಎಂಬ ಲೆಕ್ಕವೇ ತಪ್ಪು. ದೀರ್ಘ ದಾಂಪತ್ಯದಲ್ಲಿ ಇಬ್ಬರು ನೆನಪನ್ನು ಪಾಲು ಮಾಡಿಕೊಂಡಿರುತ್ತಾರೆ. ಯಾರ ಮದುವೆಗೆ ಎಷ್ಟು ಮುಯ್ಯಿ ಹಾಕಿದೆವು, ಗ್ಯಾಸ್ ಬುಕ್ ಮಾಡುವುದು ಹೇಗೆ, ವಿಮೆಯ ಕಾಗದ ಯಾವ ಡ್ರಾಯರಿನಲ್ಲಿದೆ, ಈ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ: ಅರ್ಧ ಒಬ್ಬರ ತಲೆಯಲ್ಲಿ, ಇನ್ನರ್ಧ ಇನ್ನೊಬ್ಬರ ತಲೆಯಲ್ಲಿ. ಒಬ್ಬರು ಹೋದ ಮೇಲೆ ಉಳಿದವರಿಗೆ ‘ಮರೆವು ಬಂದಿದೆ’ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಹಲವು ಸಲ ಅದು ಮರೆವಲ್ಲ, ಆ ವಿಷಯ ಅವರ ಪಾಲಿನಲ್ಲಿ ಮೊದಲಿನಿಂದಲೂ ಇರಲಿಲ್ಲ, ಅಷ್ಟೆ. ಕಿವಿಯೂ ಹಾಗೆಯೇ. ಬಾಗಿಲಲ್ಲಿ ನಿಂತವರು ಏನೆಂದರು ಎಂದು ಪಕ್ಕದಿಂದ ಹೇಳುವವರು ಇದ್ದಷ್ಟು ದಿನ ಕಿವಿ ಮಂದವಾದದ್ದು ಯಾರಿಗೂ ತಿಳಿದಿರುವುದಿಲ್ಲ. ಎರಡನೆಯ ತಿಂಗಳಲ್ಲಿ ಒಮ್ಮೆ ಕಿವಿ, ಕಣ್ಣು ತೋರಿಸಿಕೊಂಡು ಬರುವುದು ಒಳ್ಳೆಯದು. ‘ದುಃಖದಲ್ಲಿ ಯಾರ ಜೊತೆಯೂ ಮಾತಾಡುತ್ತಿಲ್ಲ’ ಎನಿಸಿಕೊಂಡವರಲ್ಲಿ ಕೆಲವರಿಗೆ ಮಾತು ಕೇಳಿಸುತ್ತಲೇ ಇರುವುದಿಲ್ಲ.

ಮೊದಲ ವಾರದಲ್ಲೇ ಮಾಡಬೇಕಾದದ್ದು ಔಷಧದ ಡಬ್ಬಿ ಬೇರೆ ಮಾಡುವುದು. ಇದನ್ನು ಎಲ್ಲರೂ ಮರೆಯುತ್ತಾರೆ. ಇಬ್ಬರಿಗೂ ರಕ್ತದೊತ್ತಡ ಇದ್ದ ಮನೆಯಲ್ಲಿ ಒಂದೇ ಹೆಸರಿನ ಮಾತ್ರೆ ಒಬ್ಬರಿಗೆ 5 ಮಿಲಿಗ್ರಾಂ, ಇನ್ನೊಬ್ಬರಿಗೆ 2.5 ಇರಬಹುದು. ಪಟ್ಟಿ ನೋಡಲು ಒಂದೇ ಥರ. ಬಿಡಿಸಿ ಕೈಗಿಡುತ್ತಿದ್ದವರು ಹೋಗಿದ್ದಾರೆ, ನಿದ್ದೆಗೆಟ್ಟ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ತೀರಿಕೊಂಡವರ ಮಾತ್ರೆಗಳನ್ನೆಲ್ಲ, ಅದರಲ್ಲೂ ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು, ಮನೆಯಿಂದ ಹೊರಗೆ ಸಾಗಿಸಬೇಕು. ಉಳಿದವರ ಮಾತ್ರೆಗಳನ್ನು ಏಳು ದಿನದ ಖಾನೆಗಳಿರುವ ಡಬ್ಬಿಗೆ ತುಂಬಿಡಬೇಕು. ವಾರಕ್ಕೊಮ್ಮೆ ತುಂಬುವ ಕೆಲಸ ಯಾರಾದರೂ ಒಬ್ಬರೇ ಹೊತ್ತುಕೊಳ್ಳಲಿ. ಇಬ್ಬರು ಮೂವರು ಕೈಯಾಡಿಸಿದರೆ ಒಂದೇ ಮಾತ್ರೆ ಎರಡು ಸಲ ಬೀಳುತ್ತದೆ.

ಮೊಬೈಲ್ ಎರಡನೆಯದು. ತೀರಿಕೊಂಡವರ ನಂಬರನ್ನು ಕೂಡಲೇ ಮುಚ್ಚಿಸಬೇಡಿ. ಅದರಿಂದ ಹಣ ತೆಗೆಯಲೆಂದು ಈ ಮಾತು ಹೇಳುತ್ತಿಲ್ಲ. ಸಾವಿನ ವಿಷಯವನ್ನು ಬ್ಯಾಂಕಿಗೆ ತಿಳಿಸಲೇಬೇಕು, ತಿಳಿಸದೆ ಅವರ ಖಾತೆ ನಡೆಸುವುದು ತಪ್ಪು. ಆದರೆ ಬಿಲ್ಲು, ವಿಮೆ, ಫೋಟೊಗಳ ಖಾತೆ ಎಲ್ಲದರ ಸಂದೇಶ ಬರುವುದು ಆ ನಂಬರಿಗೆ. ಎಲ್ಲವನ್ನೂ ಬೇರೆ ಹೆಸರಿಗೆ ಬದಲಿಸುವ ತನಕ ಅದನ್ನು ಜೀವಂತ ಇಟ್ಟುಕೊಳ್ಳಿ. ಫೋನನ್ನು ಮೊಮ್ಮಕ್ಕಳ ಕೈಗೆ ಕೊಡುವ ಮುಂಚೆ ಅದರಲ್ಲಿರುವ ದನಿಯನ್ನು ತೆಗೆದಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹತ್ತು ಸೆಕೆಂಡಿನ ‘ಬರುವಾಗ ಮಾತ್ರೆ ತನ್ನಿ’ ಎಂಬ ದನಿಯೂ ಇರಲಿ. ಮುಖಕ್ಕೆ ಫೋಟೊಗಳಿವೆ, ಮನಸ್ಸಿನಿಂದ ಬೇಗ ಜಾರುವುದು ದನಿ. ಎರಡು ಜಾಗದಲ್ಲಿ ನಕಲು ಇರಬೇಕು, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಮಕ್ಕಳ ಕಂಪ್ಯೂಟರಿನಲ್ಲಿ. ಕೇಳುವುದು, ಬಿಡುವುದು ಅವರವರ ಇಷ್ಟ. ಕೆಲವರು ಎರಡು ವರ್ಷ ಮುಟ್ಟುವುದೇ ಇಲ್ಲ.

ಬಟ್ಟೆಬರೆಯ ವಿಷಯದಲ್ಲಿ ಮಕ್ಕಳು ಆತುರ ಮಾಡುತ್ತಾರೆ. ವಾಪಸ್ ಹೊರಡುವ ಮುಂಚೆ ಬೀರು ಖಾಲಿ ಮಾಡಿಕೊಟ್ಟರೆ ಅಮ್ಮನಿಗೆ ನೋವು ಕಡಿಮೆ ಎಂದು ಅವರ ಎಣಿಕೆ. ಆಗುವುದು ಉಲ್ಟಾ. ಬಟ್ಟೆಗೆ ಗಡುವಿಲ್ಲ. ಮಾಡುವಾಗ ಮೂರು ಚೀಲ ಇಟ್ಟುಕೊಳ್ಳಿ: ಕೊಡುವುದು, ಉಳಿಸುವುದು, ಈಗ ಗೊತ್ತಾಗದ್ದು. ಮೂರನೆಯ ಚೀಲವೇ ಎಲ್ಲಕ್ಕಿಂತ ದೊಡ್ಡದಿದ್ದರೂ ಪರವಾಗಿಲ್ಲ, ಬಾಯಿ ಕಟ್ಟಿ ಮೇಲಿಡಿ. ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ಕೊನೆಯಲ್ಲಿ ತೊಟ್ಟ ಒಂದು ಬಟ್ಟೆಯನ್ನು ಒಗೆಯದೆ, ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ. ಒಗೆದು ಮಡಿಸಿಟ್ಟರೆ ಮೈಯ ವಾಸನೆ ಹೋಯಿತು, ಮತ್ತೆ ಬರುವುದಿಲ್ಲ. ಒಳ್ಳೆಯ ಮನಸ್ಸಿನ ಸೊಸೆಯೊಬ್ಬಳು ಎಲ್ಲವನ್ನೂ ಒಗೆದುಹಾಕಿದಳೆಂದು ಅತ್ತೆ ವರ್ಷಗಟ್ಟಲೆ ಮುನಿದ ಮನೆಗಳಿವೆ.

ಕಾಗದಪತ್ರಕ್ಕೆ ಅಳು ಅಡ್ಡ, ಅಳುವಿಗೆ ಕಾಗದಪತ್ರ ಅಡ್ಡ ಎಂದು ಒದ್ದಾಡುವವರು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 23ನೆಯ ಅಧ್ಯಾಯ ಓದಬೇಕು. 127 ವರ್ಷ ಬಾಳಿದ ಹೆಂಡತಿ ಸಾರಳು ತೀರಿಕೊಂಡಾಗ ಅಬ್ರಹಾಮ ಅಳುವುದು ಎರಡನೆಯ ವಚನದಲ್ಲಿ. ಮೂರರಿಂದ ಇಪ್ಪತ್ತರವರೆಗೆ ಅವಳ ಸಮಾಧಿಗಾಗಿ ಜಮೀನಿನ ವ್ಯವಹಾರ: ಎಲ್ಲೆ ಯಾವುದು, ಮರ ಯಾವುದು, ಬೆಲೆ 400 ಶೆಕೆಲ್ ತೂಕದ ಬೆಳ್ಳಿ, ಸಾಕ್ಷಿಗೆ ಊರಬಾಗಿಲಲ್ಲಿ ನೆರೆದ ಜನ. ಜಮೀನಿನ ಒಡೆಯ ಎಫ್ರೋನ ಪುಕ್ಕಟೆ ಕೊಡುತ್ತೇನೆಂದರೂ ಅಬ್ರಹಾಮ ಒಪ್ಪಲಿಲ್ಲ. ಇದರಿಂದ ನಾವು ಎರಡು ಮಾತು ಹೆಕ್ಕಿಕೊಂಡಿದ್ದೇವೆ. ಮೊದಲು ಅಳಲು ಬಿಡಿ, ಆಮೇಲೆ ಕಡತ. ಮತ್ತು ದುಃಖದಲ್ಲಿರುವವರು ಮಾಡುವ ಯಾವ ವ್ಯವಹಾರವೂ ಬಾಯಿಮಾತಿನಲ್ಲಿ, ಒಬ್ಬರೇ ಇರುವಾಗ ಆಗಕೂಡದು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಮ್ಮೆಲೇ ಹೆಚ್ಚಾಗಿ ತೆಗೆಸಿಡಿ. ಮನೆ ಮಾರುವುದು, ಮಕ್ಕಳ ಊರಿಗೆ ಪೂರ್ತಿ ಹೋಗಿಬಿಡುವುದು, ಉಳಿತಾಯವೆಲ್ಲ ಒಂದೇ ಕಡೆ ಹಾಕುವುದು ಇಂಥವನ್ನು ಅನಿವಾರ್ಯವಲ್ಲದಿದ್ದರೆ ಒಂದು ವರ್ಷ ಮುಂದೂಡಿ. ನಿಧನ ವಾರ್ತೆ ಓದಿಕೊಂಡೇ ಫೋನ್ ಮಾಡುವ ಮೋಸಗಾರರೂ ಇದ್ದಾರೆ. ‘ಸತ್ತವರ ಹೆಸರಿನಲ್ಲಿ ಹಣ ಬಂದಿದೆ, ಶುಲ್ಕ ಕಟ್ಟಿ’ ಎಂಬ ಕರೆ ಬಂದರೆ ಇಟ್ಟುಬಿಡುವುದೊಂದೇ ಉತ್ತರ.

ಊಟ, ನಿದ್ದೆ. ಇವೆರಡರಲ್ಲಿ ಕೈಯ ಅಭ್ಯಾಸ ಮನಸ್ಸಿಗಿಂತ ನಿಧಾನ. ಅಡುಗೆಗೆ ಅಳೆಯುವ ಕೈ ತಿಂಗಳುಗಟ್ಟಲೆ ಇಬ್ಬರಿಗೇ ಅಳೆಯುತ್ತದೆ. ಎರಡು ಲೋಟ ಇಳಿಸಿ, ಒಂದನ್ನು ವಾಪಸ್ ಇಡುವ ಆ ಕ್ಷಣಕ್ಕೆ ಹೆದರಿ ಎಷ್ಟೋ ಜನ ಅಡುಗೆಮನೆಗೇ ಹೋಗುವುದಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಊಟ ತಂದುಕೊಟ್ಟು ಹೋಗುವುದಕ್ಕಿಂತ ಎದುರು ಕೂತು ಉಣ್ಣುವುದು ಮೇಲು, ವಾರಕ್ಕೆ ಎರಡೇ ದಿನವಾದರೂ ಸರಿ. ಒಬ್ಬರೇ ಉಣ್ಣುವ ದಿನ ತಮ್ಮ ಮಾಮೂಲಿ ಕುರ್ಚಿ ಬಿಟ್ಟು ಎದುರಿನ, ಅಂದರೆ ತೀರಿಕೊಂಡವರ ಕುರ್ಚಿಯಲ್ಲಿ ಕೂತು ನೋಡಲಿ. ಆಗ ಎದುರಿಗೆ ಖಾಲಿ ಕಾಣುವುದು ತಮ್ಮದೇ ಜಾಗ. ಹಾಸಿಗೆಯಲ್ಲೂ ಪಕ್ಕ ಬದಲಿಸಿ ಮಲಗುವುದು ಕೆಲವರಿಗೆ ಇದೇ ಕಾರಣಕ್ಕೆ ಒಗ್ಗುತ್ತದೆ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಆರು ತಿಂಗಳು, ವರ್ಷದೊಳಗೆ ನೂರಕ್ಕೆ ಐದರಷ್ಟು ಇಳಿದರೆ, 60 ಕಿಲೋ ಇದ್ದವರು 57ಕ್ಕೆ ಬಂದರೆ, ‘ಚಿಂತೆಗೆ ಸೊರಗಿದ್ದಾರೆ’ ಎಂದು ಕೂರದೆ ವೈದ್ಯರಿಗೆ ತೋರಿಸಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಇಪ್ಪತ್ತು ನಿಮಿಷಕ್ಕಿಂತ ಹೊರಳಾಡುವುದು ಬೇಡ. ಎದ್ದು ಕೂರಲು ಒಂದು ಕುರ್ಚಿ, ಸಣ್ಣ ದೀಪ, ಕನ್ನಡಕ, ಸತ್ಯವೇದ (ಬೈಬಲ್) ಹಿಂದಿನ ರಾತ್ರಿಯೇ ಒಂದೆಡೆ ಜೋಡಿಸಿರಲಿ. ನೆರೆಮನೆಯವರ ನಿದ್ದೆ ಮಾತ್ರೆ ಮುಟ್ಟಲೇಬೇಡಿ. ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಹೀಗೆಯೇ.

ಬೈಬಲಿನಲ್ಲಿ ದೇವದೂತ ಪ್ರವಾದಿ ಎಲೀಯನಿಗೆ ಮಾಡಿದ್ದೂ ಇಷ್ಟೇ. ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಮಲಗಿದವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಉಣ್ಣಿಸಿದ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ. ದೇವರು ಪ್ರಶ್ನೆ ಕೇಳಿದ್ದು ಅದಾದ ಮೇಲೆ, ನಲವತ್ತು ದಿನದ ದಾರಿ ಮುಗಿದಾಗ.

ಇನ್ನು ಚರ್ಚಿನ ಬೆಂಚು. ಇದರ ಬಗ್ಗೆ ಪಾದ್ರಿಗಳೂ ಯೋಚಿಸಿರುವುದಿಲ್ಲ. ದಶಕಗಳ ಕಾಲ ಒಂದೇ ಬೆಂಚಿನಲ್ಲಿ ಕೂತವರಿಗೆ ಮೊದಲ ಭಾನುವಾರ ಸಮಾಧಿಗಿಂತ ಕಠಿಣ. ಸಮಾಧಿಯ ದಿನ ಸುತ್ತ ಜನ ಇರುತ್ತಾರೆ, ಬೆಂಚಿನಲ್ಲಿ ಒಂದು ಆಳಿನಷ್ಟು ತೆರಪು ಇರುತ್ತದೆ. ಎಷ್ಟೋ ಜನ ಸದ್ದಿಲ್ಲದೆ ಚರ್ಚ್ ಬಿಡುವುದು ಈ ಹಂತದಲ್ಲಿ, ನಾವು ಅದನ್ನು ‘ನಂಬಿಕೆ ತಣ್ಣಗಾಗಿದೆ’ ಎಂದು ಓದುತ್ತೇವೆ. ಮಾಡಬಹುದಾದದ್ದು ಸರಳ. ಮೊದಲ ಸಲ ಯಾರಾದರೂ ಒಬ್ಬರು ಮನೆಯಿಂದಲೇ ಜೊತೆಗೆ ಬನ್ನಿ. ಬಾಗಿಲ ಹತ್ತಿರ, ಸಾಲಿನ ತುದಿಯಲ್ಲಿ ಕೂರಿಸಿ, ಎದ್ದು ಹೋಗಬೇಕೆನಿಸಿದರೆ ಯಾರ ಮೊಣಕಾಲನ್ನೂ ದಾಟುವಂತಿರಬಾರದು. ಕಟ್ಟೆ ಒಡೆಯುವುದು ಹೆಚ್ಚಾಗಿ ಪಾದ್ರಿಯ ಪ್ರಸಂಗದಲ್ಲಲ್ಲ, ಹಾಡಿನಲ್ಲಿ. ಹಾಡಲು ಉಸಿರು ಎಳೆಯಬೇಕು, ಗಂಟಲು ಕಟ್ಟಿದವರಿಗೆ ಉಸಿರೆಳೆದ ಕೂಡಲೇ ಅಳು ಬರುತ್ತದೆ. ಹಾಡದೆ ನಿಂತರೆ ಸಾಕು, ಸುತ್ತಲಿನವರು ಹಾಡುತ್ತಾರೆ. ಪಕ್ಕದವರು ಆಗ ಹೆಗಲು ತಟ್ಟಬೇಡಿ, ಹಿಡಿದಿಟ್ಟ ಅಳು ತಟ್ಟಿದರೆ ಒಡೆಯುತ್ತದೆ. ಒಂದು ಕರವಸ್ತ್ರ ಸರಿಸಿ, ಮುಂದೆ ನೋಡಿಕೊಂಡು ಹಾಡಿ. ಸಮಾಧಿಯಲ್ಲಿ ಹಾಡಿದ ಗೀತೆಗಳ ಪಟ್ಟಿ ಗಾಯನ ನಡೆಸುವವರ ಹತ್ತಿರ ಇರಲಿ. ಆರಾಧನೆಯಲ್ಲಿ ಅದನ್ನು ಮತ್ತೆ ಆರಿಸುವಾಗ ಶನಿವಾರವೇ ಒಂದು ಫೋನ್ ಮಾಡಿ ತಿಳಿಸಿದರೆ, ಬರುವವರು ಗಟ್ಟಿ ಮಾಡಿಕೊಂಡು ಬರುತ್ತಾರೆ. ವಾರದ ವಿವಾಹ ವಾರ್ಷಿಕೋತ್ಸವಗಳನ್ನು ಓದುವ ಚರ್ಚುಗಳಲ್ಲಿ ಹಳೆಯ ಪಟ್ಟಿಯಿಂದ ಇಬ್ಬರ ಹೆಸರೂ ಓದಿಬಿಡುವ ಪ್ರಮಾದ ಆಗುತ್ತದೆ. ಅದಕ್ಕೆ ಹೆದರಿ ಹೆಸರನ್ನೇ ಹೊಡೆದುಹಾಕುವುದು ಇನ್ನೊಂದು ಪ್ರಮಾದ. ಕೇಳಿ ಮಾಡಿ. ‘ಈ ವಾರಕ್ಕೆ ಮದುವೆಯಾಗಿ 50 ವರ್ಷ’ ಎಂದು ಓದಿಸಬೇಕೆಂದೇ ಬಯಸುವವರಿದ್ದಾರೆ.

ಪ್ರಾರ್ಥನೆ ಬರುತ್ತಿಲ್ಲ ಎಂದು ತಪ್ಪಿತಸ್ಥರ ಹಾಗೆ ಹೇಳಿಕೊಳ್ಳುವವರು ಬಹಳ. ಮನೆಯಲ್ಲಿ ಒಬ್ಬರು ವಾಕ್ಯ ಓದಿ, ಇನ್ನೊಬ್ಬರು ಪ್ರಾರ್ಥಿಸುವ ರೂಢಿ ಇದ್ದರೆ, ಅರ್ಧ ಆರಾಧನೆಯೇ ಮನೆಯಿಂದ ಹೊರಟುಹೋಗಿದೆ. ಅದೇ ಹೊತ್ತಿಗೆ ಮಗಳೋ ಸ್ನೇಹಿತರೋ ಫೋನಿನಲ್ಲಿ ಮೂರು ನಿಮಿಷ ಆ ಪಾಲನ್ನು ಮಾಡಲಿ. ಉಳಿದವರು ತಮ್ಮ ಪಾಲಿನದನ್ನಷ್ಟೇ ಮಾಡಲಿ. ಒಬ್ಬರೇ ಇದ್ದಾಗ ಸ್ವಂತ ಮಾತು ಹುಡುಕುವುದು ಬೇಡ, ಸತ್ಯವೇದದ ಕೀರ್ತನೆ ಸಾಕು. 13ನೆಯದಕ್ಕೆ ಇರುವುದು ಆರೇ ವಚನ, ಓದಲು ಒಂದು ನಿಮಿಷ. ಅದರ ಮೊದಲ ಎರಡು ವಚನಗಳಲ್ಲೇ ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. ನಿದ್ದೆ ಬಾರದವರಿಗೆ 77: ಕಣ್ಣು ಮುಚ್ಚಲು ದೇವರೇ ಬಿಡುತ್ತಿಲ್ಲ ಎಂಬ ದೂರು ಅದರಲ್ಲಿದೆ. ಯಾವ ಸಮಾಧಾನವನ್ನೂ ಕೇಳಲಾಗದ ದಿನಕ್ಕೆ 88. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲನ್ನು ಯಾರೂ ಅಂಟಿಸಿಲ್ಲ. ಅಂಥ ಪ್ರಾರ್ಥನೆಯೂ ಸತ್ಯವೇದದೊಳಗೇ ಇದೆ ಎಂಬುದು ಕೆಲವರಿಗೆ ನೂರು ಪ್ರಸಂಗಕ್ಕಿಂತ ಹೆಚ್ಚಿನ ಆಸರೆ. ನೊವೊಮಿಯೂ ಗಂಡನನ್ನು, ಇಬ್ಬರು ಮಕ್ಕಳನ್ನು ಕಳೆದುಕೊಂಡು ಬೇತ್ಲೆಹೇಮಿಗೆ ಬಂದಾಗ, ನನ್ನನ್ನು ಮಾರಾ (ಕಹಿ) ಎನ್ನಿ, ಸರ್ವಶಕ್ತನು ನನ್ನನ್ನು ಕಹಿ ಮಾಡಿದ್ದಾನೆ ಎಂದಳು. ರೂತಳು ಅತ್ತೆಯನ್ನು ತಿದ್ದಲಿಲ್ಲ. ತೆನೆ ಆಯಲು ಹೊಲಕ್ಕೆ ಹೋದಳು.

ದೀರ್ಘ ದಾಂಪತ್ಯದವರನ್ನು ಒಳಗೊಳಗೇ ಕೊರೆಯುವ ವಚನ ಮತ್ತಾಯನ 22ನೆಯ ಅಧ್ಯಾಯದಲ್ಲಿದೆ: ಪುನರುತ್ಥಾನದಲ್ಲಿ, ಅಂದರೆ ಸತ್ತವರು ಮತ್ತೆ ಎದ್ದಾಗ, ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ. ‘ಹಾಗಾದರೆ ಅಲ್ಲಿ ಅವರು ನನಗೆ ಯಾರೂ ಅಲ್ಲವೇ?’ ಎಂದು ಕೇಳುತ್ತಾರೆ, ಕೇಳಲು ನಾಚುತ್ತಾರೆ. ಅಲ್ಲಿ ಪ್ರಶ್ನೆ ಹಾಕಿದವರು ಪುನರುತ್ಥಾನವನ್ನೇ ಒಪ್ಪದ ಸದ್ದುಕಾಯರೆಂಬ ಯೆಹೂದಿ ಪಂಗಡದವರು. ಒಬ್ಬ ಹೆಂಗಸು, ಒಬ್ಬರು ಸತ್ತ ಮೇಲೆ ಒಬ್ಬರಂತೆ ಅವಳನ್ನು ಮದುವೆಯಾದ ಏಳು ಜನ ಅಣ್ಣತಮ್ಮಂದಿರು, ಅವಳು ಯಾರ ಪಾಲು ಎಂಬ ಕೊಂಕು ಲೆಕ್ಕ ಅವರದು. ಯೇಸು ತಳ್ಳಿಹಾಕಿದ್ದು ಆ ಲೆಕ್ಕವನ್ನು. ಪ್ರೀತಿಸಿದವರು ಅಪರಿಚಿತರಾಗುತ್ತಾರೆ ಎಂದು ಅಲ್ಲಿ ಎಲ್ಲೂ ಇಲ್ಲ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಹೋಗಬೇಡಿ. ಪರಲೋಕದ ನಕ್ಷೆ ಬರೆದುಕೊಡುವವರನ್ನು ಕಂಡರೆ ದುಃಖದಲ್ಲಿರುವವರಿಗೆ ಅನುಮಾನವೇ ಹೆಚ್ಚಾಗುತ್ತದೆ. ಉಂಗುರದ ಬಗ್ಗೆಯೂ ಕೇಳುತ್ತಾರೆ. ತೆಗೆಯಬೇಕೆಂದು ಯಾವ ವಚನವೂ ಇಲ್ಲ.

ಹೇಳಿಕೊಳ್ಳಲು ನಾಚುವ ಇನ್ನೊಂದು ವಿಷಯ: ಗೇಟಿನ ಸದ್ದು, ಕೆಮ್ಮು, ಪಕ್ಕದಲ್ಲಿ ಕೂತ ಹಾಗೆ. 1971ರಲ್ಲಿ ವೇಲ್ಸ್‌ನ ವೈದ್ಯ ಡೆವಿ ರೀಸ್ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ದಾಂಪತ್ಯ ದೀರ್ಘವಾದಷ್ಟೂ ಇದು ಹೆಚ್ಚು ಎಂದೂ ಕಂಡುಬಂತು. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ಐವತ್ತು ವರ್ಷ ಒಂದು ಸದ್ದಿಗೆ ಕಾದ ಕಿವಿ ಇನ್ನೂ ಕಾಯುತ್ತಿದೆ. ದೆವ್ವ ಬಿಡಿಸುವ ‘ಬಿಡುಗಡೆ ಪ್ರಾರ್ಥನೆ’ ಮಾಡಿಸಲು ಹೊರಡುವವರು ದಯವಿಟ್ಟು ತಡೆಯಿರಿ.

ಪ್ರಸಂಗಗಳಲ್ಲಿ ‘ದುಃಖದ ಐದು ಹಂತ’ ಎಂದು ಮೆಟ್ಟಿಲ ಹಾಗೆ ವಿವರಿಸುವುದುಂಟು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದನ್ನು ಬರೆದದ್ದು ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಿ. ಉಳಿದವರು ಹತ್ತಬೇಕಾದ ಏಣಿಯಾಗಿ ಅಲ್ಲ. ನಾವು ಮನೆಗಳಲ್ಲಿ ಕಾಣುವುದಕ್ಕೆ ಹತ್ತಿರವಾದದ್ದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ 1999ರಲ್ಲಿ ಮುಂದಿಟ್ಟ ವಿವರಣೆ: ಮನುಷ್ಯ ಅಗಲಿಕೆಯ ಕಡೆಗೊಮ್ಮೆ, ಬದುಕು ಜೋಡಿಸುವ ಕಡೆಗೊಮ್ಮೆ ತೂಗಾಡುತ್ತಾನೆ. ಬೆಳಿಗ್ಗೆ ಬ್ಯಾಂಕಿಗೆ ಹೋಗಿಬಂದು ಮಧ್ಯಾಹ್ನ ನಕ್ಕವರು ಸಂಜೆ ಒಂದು ಚಪ್ಪಲಿ ಕಂಡು ಕುಸಿಯುತ್ತಾರೆ. ನಕ್ಕಿದ್ದಕ್ಕೆ ಆಡಿಕೊಳ್ಳುವುದೂ ತಪ್ಪು, ಕುಸಿದದ್ದಕ್ಕೆ ‘ಮತ್ತೆ ಮೊದಲಿಂದ ಶುರುವಾಯಿತಾ’ ಎನ್ನುವುದೂ ತಪ್ಪು. ನಾಲ್ಕೈದನೆಯ ತಿಂಗಳು ಮೊದಲ ತಿಂಗಳಿಗಿಂತ ಭಾರವಾದರೆ ಗಾಬರಿ ಬೇಡ. ಮೊದಲ ತಿಂಗಳು ಮರಗಟ್ಟಿರುತ್ತದೆ.

ವರ್ಷಗಟ್ಟಲೆ ಹಾಸಿಗೆ ಹಿಡಿದವರ ಚಾಕರಿ ಮಾಡಿದವರದು ಬೇರೆಯೇ ಕಥೆ. ಸಾವಿನ ಜೊತೆ ಬಿಡುಗಡೆಯ ನಿಟ್ಟುಸಿರು ಬಂದದ್ದಕ್ಕೆ ಅವರು ತಮ್ಮನ್ನೇ ಕ್ಷಮಿಸುವುದಿಲ್ಲ. ಮರೆಗುಳಿ ಕಾಯಿಲೆಯಾಗಿದ್ದರೆ ಅವರು ಸಾವಿಗೆ ಎಷ್ಟೋ ಮುಂಚೆಯೇ ಅಗಲಿಕೆ ಅನುಭವಿಸಿಬಿಟ್ಟಿರುತ್ತಾರೆ. ರಾತ್ರಿ ಎರಡಕ್ಕೆ ಮೈ ಹೊರಳಿಸಲು ಎದ್ದ ಅಭ್ಯಾಸ ಬಿಡುವುದಿಲ್ಲ, ಎದ್ದು ಮಾಡಲು ಕೆಲಸವಿಲ್ಲ. ಇವರಿಗೆ ‘ಇನ್ನು ವಿಶ್ರಾಂತಿ ತಗೊಳ್ಳಿ’ ಎನ್ನಬೇಡಿ. ಹೊತ್ತಿಗೆ ಸರಿಯಾಗಿ ಮಾಡಬೇಕಾದ ಒಂದು ಸಣ್ಣ ಕೆಲಸ ಕೊಡಿ.

ಎಚ್ಚರ ತಪ್ಪಬಾರದ ಜಾಗಗಳೂ ಇವೆ. ಬ್ರಿಟಿಷ್ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ದಾಟಿದ 4,486 ವಿಧುರರ ಲೆಕ್ಕವಿದೆ. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇ 40ರಷ್ಟು ಹೆಚ್ಚಿತ್ತು. ಹೃದಯದ ಕಾಯಿಲೆ ಅದರಲ್ಲಿ ದೊಡ್ಡ ಪಾಲು. ದುಃಖದ ಆಘಾತಕ್ಕೆ ಹೃದಯದ ತುದಿ ಬಲೂನಿನಂತೆ ಉಬ್ಬಿ ಬಲಗುಂದುವುದೂ ಉಂಟು. ಜಪಾನಿನ ವೈದ್ಯರು 1990ರಲ್ಲಿ ಅದನ್ನು ಗುರುತಿಸಿ, ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ಕಂಡು ಟಾಕೋಟ್ಸುಬೊ ಎಂದರು. ವಯಸ್ಸಾದ ಹೆಂಗಸರಲ್ಲೇ ಹೆಚ್ಚು. ಆದ್ದರಿಂದ ಎದೆನೋವು, ಉಸಿರು ಕಟ್ಟುವುದು ಕಂಡರೆ ‘ಸಂಕಟಕ್ಕೆ ಹಾಗಾಗುತ್ತೆ’ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ, ಪ್ರಾರ್ಥನೆ ದಾರಿಯಲ್ಲಿ ಆಗಲಿ.

‘ನಾನೂ ಅವರ ಹತ್ತಿರ ಹೋಗಬೇಕು’ ಎಂಬ ಮಾತು ನಂಬಿಕೆಯ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ಅದು ದಣಿವಿನ ಮಾತೋ, ಯೋಜನೆಯೋ ಎಂದು ತಿಳಿಯಲು ನೇರ ಕೇಳುವುದೇ ದಾರಿ: ‘ಪ್ರಾಣ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ, ಹೇಗೆ ಎಂದು ಯೋಚಿಸಿದ್ದೀರಾ?’ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ಸುಳ್ಳು ಭಯ. ಹೌದೆಂದರೆ, ಮಾತ್ರೆ ಕೂಡಿಟ್ಟದ್ದು ಕಂಡರೆ, ಒಬ್ಬರನ್ನೇ ಬಿಡದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮುಗಿಯದ ದುಃಖಕ್ಕೂ ಈಗ ವೈದ್ಯಕೀಯದಲ್ಲಿ ಹೆಸರಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಆ ಹೆಸರಿಡಲು ಸಾವಾಗಿ ಕನಿಷ್ಠ ಆರು ತಿಂಗಳು ಕಳೆದಿರಬೇಕು ಎನ್ನುತ್ತದೆ, ಅದೇ ವರ್ಷದ ಅಮೆರಿಕದ ಮನೋವೈದ್ಯರ ಕೈಪಿಡಿ ಹನ್ನೆರಡು. ಅಳು ಇರುವುದು ಇಲ್ಲಿ ಲಕ್ಷಣವಲ್ಲ. ಅಷ್ಟು ಕಾಲವಾದರೂ ದಿನವೂ ತೀವ್ರತೆ ತಗ್ಗದೆ, ಬದುಕಿನ ಯಾವ ಕೆಲಸಕ್ಕೂ ಕೈ ಏಳದಿರುವುದು ಲಕ್ಷಣ. ಅದಕ್ಕೆ ಮಾತಿನ ಚಿಕಿತ್ಸೆ ಇದೆ. ಚಿಕಿತ್ಸೆಗೆ ಹೋದವರ ನಂಬಿಕೆ ಕಡಿಮೆಯಾಯಿತೆಂದು ಯಾವ ಹಿರಿಯರೂ ಮೂಗು ಮುರಿಯಬಾರದು.

ಕೊನೆಗೆ ನಮ್ಮ ಸಭೆಗಳು ಮಾಡಬೇಕಾದದ್ದು. ವಿಧವೆಯರಿಗೆ ದಿನದ ಹಂಚಿಕೆ ತಪ್ಪಿಹೋಗುತ್ತಿದೆ ಎಂಬ ದೂರು ಬಂದಾಗ ಯೇಸುವಿನ ಶಿಷ್ಯರಾದ ಅಪೊಸ್ತಲರು ಕನಿಕರದ ಪ್ರಸಂಗ ಮಾಡಲಿಲ್ಲ, ಸಭೆಯಿಂದಲೇ ಏಳು ಜನರನ್ನು ಆರಿಸಲು ಹೇಳಿ, ಅವರನ್ನು ಕೆಲಸಕ್ಕೆ ಹಚ್ಚಿದರು (ಅಪೊಸ್ತಲರ ಕೃತ್ಯಗಳು, ಆರನೆಯ ಅಧ್ಯಾಯ). ನಮಗೆ ಒಂದು ಮನೆಗೆ ನಾಲ್ಕು ಜನ ಸಾಕು, ಪಾರ್ಶ್ವವಾಯು ರೋಗಿಯನ್ನು ಹೊತ್ತು ಮಾಳಿಗೆಯಿಂದ ಯೇಸುವಿನ ಮುಂದೆ ಇಳಿಸಿದವರಷ್ಟು. ಅಲ್ಲಿ ಯೇಸು ನೋಡಿದ್ದು ಹೊತ್ತವರ ನಂಬಿಕೆಯನ್ನು ಎಂದಿದೆ. ಪ್ರಾರ್ಥಿಸಲಾಗದ ತಿಂಗಳುಗಳಿಗೆ ಇದಕ್ಕಿಂತ ಒಳ್ಳೆಯ ಭರವಸೆ ನಮಗೆ ಗೊತ್ತಿಲ್ಲ. ನಾಲ್ವರಲ್ಲಿ ಒಬ್ಬರಾದರೂ ಅದೇ ದಾರಿ ದಾಟಿದವರಿರಲಿ. ಮೊದಲ ಎರಡು ವಾರ ಇವರು ದೂರವೇ ಇರಲಿ, ಆಗ ಜನ ಇರುತ್ತಾರೆ. ಮೂರನೆಯ ವಾರದಿಂದ ವಾರಕ್ಕೊಬ್ಬರಂತೆ ಸರದಿ, ಆರು ತಿಂಗಳು. ಆಮೇಲೆ ಹದಿನೈದು ದಿನಕ್ಕೊಮ್ಮೆ, ವರ್ಷ ತುಂಬುವ ತನಕ. ಭೇಟಿ ನಲವತ್ತು ನಿಮಿಷ ಮೀರದಿರಲಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತು ನಿಷೇಧ. ಯಾರೂ ಹೇಳುವುದಿಲ್ಲ. ‘ಮಂಗಳವಾರ ನಾಲ್ಕಕ್ಕೆ ಬರುತ್ತೇನೆ, ಪಿಂಚಣಿ ಅರ್ಜಿ ಒಟ್ಟಿಗೆ ತುಂಬೋಣ’ ಎನ್ನಿ. ಗಂಡಸರ ಮನೆಗೆ ಇದು ಇನ್ನೂ ಮುಖ್ಯ. ನೆಂಟರಿಷ್ಟರ ಜೊತೆ ಫೋನ್ ಸಂಪರ್ಕ ಇಟ್ಟಿದ್ದವಳು ಹೆಂಡತಿಯಾಗಿದ್ದರೆ, ಅವಳ ಜೊತೆ ಫೋನೂ ಸತ್ತಿರುತ್ತದೆ. ಹೋದಾಗ ತೀರಿಕೊಂಡವರ ಹೆಸರೆತ್ತಿ ಮಾತಾಡಿ. ನೆನಪಿಸಿದರೆ ನೋವಾದೀತು ಎಂದು ಹೆಸರು ತಪ್ಪಿಸುತ್ತೇವೆ. ಅವರು ಮರೆತಿದ್ದರೆ ತಾನೇ ನಾವು ನೆನಪಿಸುವುದು?

ನಾಲ್ವರ ಬಳಿಯೂ ಮೂರು ತಾರೀಕು ಬರೆದಿರಲಿ: ಹುಟ್ಟಿದ್ದು, ಮದುವೆಯಾದದ್ದು, ತೀರಿಕೊಂಡದ್ದು. ಫೋನ್ ಮಾಡಬೇಕಾದದ್ದು ಆ ದಿನಕ್ಕಿಂತ ಹಿಂದಿನ ಸಂಜೆ, ಹಲವರಿಗೆ ದಿನಕ್ಕಿಂತ ಅದರ ಹಿಂದಿನ ರಾತ್ರಿಯೇ ಉದ್ದ. ಮೊದಲ ವರ್ಷ ಇದನ್ನು ಎಲ್ಲರೂ ನೆನಪಿಡುತ್ತಾರೆ, ಎರಡನೆಯ ವರ್ಷ ಯಾರೂ ಇಲ್ಲ. ಡಿಸೆಂಬರಿನಲ್ಲಿ ಹೊಸ ಡೈರಿ ಬಂದಾಗ ಹಳೆಯದರಿಂದ ಮೊದಲು ನಕಲು ಮಾಡಬೇಕಾದದ್ದು ಆ ಮೂರು ತಾರೀಕುಗಳನ್ನು.

ಇತಿ,
ಸಾವಿನ ಮನೆಗಳ ಭೇಟಿ ಸೇವೆಯಲ್ಲಿರುವ ಕೆಲವರು